ಮಸ್ಕತ್ತಿನ ಉಡಿಯಕ್ಕಿ

ಮನೆ ಬಿಡುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದವರು ಕಡಿಮೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೆಣ್ಣಾಗಿ ಹುಟ್ಟಿದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊತ್ತು ಬಂದಾಗ ನಾಲ್ಕು ಜನ ಸೇರಿ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಬಸ್ಸು ಹತ್ತಿಸಿಬಿಡುತ್ತಾರೆ. ಹಮ್ಮಿಗಿಯ ತವರು ಬಿಟ್ಟು ಬೆಟಗೇರಿಯ ಗಂಡನ ಮನೆಗೆ ಹಾಗೇ ಬಂದೆ. ಬೆಟಗೇರಿ ಬಿಟ್ಟು ಮಸ್ಕತ್ತಿಗೆ ಹೊರಟಾಗಲೂ ಅತ್ತೆ ಉಡಿ ತುಂಬಿಯೇ ಕಳಿಸಿದರು. ಉಡಿ ತುಂಬುವುದೆಂದರೆ, ಬೆಂಗಳೂರು ಕಡೆಯವರು ಮಡಿಲು ತುಂಬುವುದು ಎನ್ನುತ್ತಾರಲ್ಲ, ಅದೇ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಮೇಲೊಂದು ಕುಪ್ಪಸದ ಖಣ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಸ್ತಿಲು ದಾಟಿದ ಮೇಲೆ ತಿರುಗಿ ನೋಡುವಂತಿಲ್ಲ. ಹೋಗಿ ಸೇರುವ ಮನೆಯ ದೇವರ ಮುಂದೆ ಬಿಚ್ಚುವವರೆಗೆ ಗಂಟು ಸಡಿಲಿಸುವಂತಿಲ್ಲ. ಒಳಗಿದ್ದುದನ್ನು ಯಾರಿಗೂ ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಆ ಅಕ್ಕಿಯನ್ನು ತಾನೇ ಕುದಿಸಿ ಉಣ್ಣಬೇಕು. ಇದನ್ನು ಮೊದಲು ಕಂಡುಹಿಡಿದ ಹೆಂಗಸು ಬಹಳ ಚಾಲಾಕಿ ಇರಬೇಕು. ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತವಳಿಗೆ ಅಳು ಬಂದರೂ ಕಣ್ಣೊರೆಸಿಕೊಳ್ಳಲು ಕೈ ಎಲ್ಲಿಂದ ಬರಬೇಕು?

ಇದನ್ನೆಲ್ಲ ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ಮೊಮ್ಮಗಳು ಕಲಿಸಿ ತಿಂಗಳೊಪ್ಪತ್ತು ಆಗಿದೆ. ಈ ಫೋನು ಬಹಳ ಅಧಿಕಪ್ರಸಂಗಿ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಮುಂದಿನ ಮಾತು ಯಾವುದೆಂದು ತಾನೇ ತೋರಿಸುತ್ತದೆ; ನಮ್ಮ ವಾರಗಿತ್ತಿ ಗಂಗಕ್ಕನಂತೆ. ಮೊನ್ನೆ ‘ಮನೆಗೆ’ ಎಂದು ಒತ್ತಿದೆನಷ್ಟೆ, ಪಕ್ಕದಲ್ಲಿ ‘ಯಾವಾಗ’ ಎಂದು ಬಂತು. ಇದಕ್ಕೆ ಯಾರು ಹೇಳಿದರು ಎಂದು ಮೊಮ್ಮಗಳನ್ನು ಕೇಳಿದೆ. “ನೀನ ಹೇಳೀದಿ ಅಜ್ಜೀ. ನೀ ದಿನಾ ಮಸ್ಕತ್ತಿನ ದಾವಲಬಿ ಅಜ್ಜಿಗೆ ಏನ ಬರೀತಿಯೋ, ಅದನ್ನ ಅದು ನೆನಪಿಟ್ಟುಕೊಳ್ತೈತಿ” ಅಂದಳು. ಅಂದಿನಿಂದ ಫೋನಿನ ಎದುರು ಸ್ವಲ್ಪ ಹುಷಾರಾಗಿದ್ದೇನೆ.

ನಮ್ಮವರು ಬೆಟಗೇರಿಯ ಮಗ್ಗದ ಮನೆಯವರು. ಮಗ್ಗದ ಸದ್ದು ನಿಂತ ಮೇಲೆ ಕತ್ತರಿ ಹಿಡಿದರು, ಕತ್ತರಿ ಹಿಡಿದುಕೊಂಡೇ ಮಸ್ಕತ್ತಿಗೆ ಹೋದರು. ಅಲ್ಲಿಯ ಗಂಡಸರು ಹಾಕುವ ಉದ್ದನೆಯ ಬಿಳಿ ಅಂಗಿ ಹೊಲಿಯುವ ಅಂಗಡಿ. ಎರಡು ವರ್ಷ ದುಡಿದು ಬರುತ್ತೇನೆಂದು ಹೋದವರು, ಎರಡು ವರ್ಷದ ಮೇಲೆ ನನ್ನನ್ನೂ ಮಗನನ್ನೂ ಕರೆಸಿಕೊಂಡರು. “ಇನ್ನೊಂದ ವರ್ಷ, ಆಮ್ಯಾಲ ಎಲ್ಲಾರೂ ಕೂಡೇ ಊರಿಗೆ ಹೋಗೂಣು” ಅಂದರು. ಆ ಇನ್ನೊಂದು ವರ್ಷವನ್ನು ಅವರು ರಬ್ಬರಿನಂತೆ ಜಗ್ಗಿದರು. ಮಗ ಬಸವರಾಜ ಅಲ್ಲೇ ಶಾಲೆ ಕಲಿತ, ಅದೇ ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತ, ಊರಿಗೆ ಬಂದು ಮದುವೆಯಾಗಿ ಸವಿತಾಳನ್ನು ಕರೆದುಕೊಂಡು ಅದೇ ಎರಡು ಖೋಲಿಯ ಮನೆಗೆ ವಾಪಸಾದ. ಮೊಮ್ಮಗಳು ಹುಟ್ಟಿದಳು. ಇನ್ನೊಂದು ವರ್ಷ ಮಾತ್ರ ಮುಗಿಯಲಿಲ್ಲ.

ಒಂದೇ ವರ್ಷ ಇರುವ ಮನೆಗೆ ಯಾರು ಸಾಮಾನು ಮಾಡುತ್ತಾರೆ? ನಾವು ಮಾಡಲಿಲ್ಲ. ಅಂಗಡಿಯಲ್ಲಿ ಕಾಲು ಮುರಿದ ಇಸ್ತ್ರಿ ಮೇಜು ನಮಗೆ ಊಟದ ಮೇಜಾಯಿತು. ಅದರ ಮೇಲೆ ಬಿಸಿ ಪಾತ್ರೆ ಇಟ್ಟಾಗೆಲ್ಲ ಹಳೆಯ ಗಂಜಿಯ ವಾಸನೆ ಏಳುತ್ತಿತ್ತು. ಅಂಗಿ ಹೊಲಿದು ಉಳಿದ ಬಿಳಿ ತುಂಡುಗಳನ್ನೆಲ್ಲ ಜೋಡಿಸಿ ನಮ್ಮವರು ಕಿಟಕಿಗೆ ಪರದೆ ಹೊಲಿದರು. ಹೊರಗಿನಿಂದ ನೋಡಿದರೆ ನಮ್ಮ ಮನೆಯೇ ಆ ಊರಿನವರಂತೆ ಅಂಗಿ ತೊಟ್ಟು ನಿಂತಿದೆ ಅನ್ನಿಸುತ್ತಿತ್ತು. ಗೋಡೆಗೆ ಒಂದು ಮೊಳೆ ಹೊಡೆಯಲೂ ಅವರು ಬಿಡಲಿಲ್ಲ. ಕ್ಯಾಲೆಂಡರು ಬಾಗಿಲ ಚಿಲಕಕ್ಕೆ, ದೇವರು ಕಪಾಟಿನೊಳಗೆ, ಕನ್ನಡಿ ಕೈಯಲ್ಲಿ. “ಇದ ಮನೀ ಏನ್ರಿ? ಮದುವಿ ಮನ್ಯಾಗ ಬೀಗರ ಇಳಕೊಂಡಂಗ ಇದ್ದೀವಿ” ಎಂದು ನಾನು ಬೈಯದ ದಿನವಿಲ್ಲ. ಯಾರಾದರೂ ಊರಿನಿಂದ ಫೋನು ಮಾಡಿ ಮನೆಯಲ್ಲಿದ್ದೀರಾ ಎಂದು ಕೇಳಿದರೆ, ಇಲ್ಲ, ಮಸ್ಕತ್ತಿನಲ್ಲಿದ್ದೇವೆ ಅನ್ನುತ್ತಿದ್ದೆ. ಮನೆ ಎಂದರೆ ಬೆಟಗೇರಿ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮವರು ಊಟ ಮಾಡಿ, ತಟ್ಟೆ ತೊಳೆದಿಟ್ಟು, ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. ತಟ್ಟೆ ತೊಳೆದಿಟ್ಟೇ ಹೋದರು ನೋಡಿ, ನನಗೆ ಬೈಯಲು ಒಂದು ಕಾರಣವನ್ನಾದರೂ ಬಿಡಬಾರದೇ? ಅಲ್ಲೇ ಸುಟ್ಟೆವು. ಬೂದಿಯನ್ನು ಬಸವರಾಜ ತಂದು ಹಮ್ಮಿಗಿಯ ಹೊಳೆಗೆ ಬಿಟ್ಟ. ಬೂದಿ ಊರಿಗೆ ಬಂತು, ಅವರು ಮಾತ್ರ ಅಲ್ಲೇ ಉಳಿದರು. ಇಸ್ತ್ರಿ ಮೇಜಿನ ವಾಸನೆಯಲ್ಲಿ, ಪರದೆಯ ಹೊಲಿಗೆಯಲ್ಲಿ. ಅವರ ಫೋಟೋ ದೊಡ್ಡದು ಮಾಡಿಸಿದೆವು. ಹಾಕಲು ಮೊಳೆ ಇಲ್ಲ. ಹೊಡೆಸೋಣವೆಂದರೆ, ತಾವೇ ಬೇಡವೆಂದಿದ್ದ ಮೊಳೆಗೆ ಅವರನ್ನೇ ತೂಗುಹಾಕಲು ಮನಸ್ಸು ಬರಲಿಲ್ಲ. ಫ್ರಿಜ್ಜಿನ ಮೇಲೆ ಗೋಡೆಗೆ ಆನಿಸಿ ಇಟ್ಟೆವು. ಫ್ರಿಜ್ಜು ಗುರ್ ಎಂದಾಗ ಫೋಟೋ ಸಣ್ಣಗೆ ನಡುಗುತ್ತಿತ್ತು; ಏನೋ ಹೇಳಲು ಹೊರಟವರಂತೆ. ಏನೆಂದು ನನಗೆ ಗೊತ್ತಿತ್ತು. ಇನ್ನೊಂದ ವರ್ಷ.

ಕಡೆಗೆ ಕಳೆದ ವರ್ಷ ಅಂಗಡಿಯ ಮಾಲೀಕರು ಮುದುಕರಾಗಿ ಬಾಗಿಲು ಹಾಕಿದರು. ಅಂಗಡಿ ಹೋದರೆ ಬಸವರಾಜನ ವೀಸಾ ಹೋಯಿತು, ಅವನ ಬಾಲ ಹಿಡಿದುಕೊಂಡಿದ್ದ ನಮ್ಮೆಲ್ಲರದೂ ಹೋಯಿತು. ಇಪ್ಪತ್ತು ಚಿಲ್ಲರೆ ವರ್ಷದಿಂದ ಕಾಯ್ದ ಊರಿನ ಹಾದಿ ತೆರೆಯಿತಲ್ಲ, ನಾನು ಕುಣಿಯಬೇಕಾಗಿತ್ತು. ಆ ದಿನ ನಾನು ಅಡಿಗೆಮನೆಗೆ ಹೋಗಿ, ತಿಕ್ಕಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಪಕ್ಕದ ಮನೆಯ ದಾವಲಬಿ ಲಕ್ಷ್ಮೇಶ್ವರದವಳು. ಮಗ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಾನೆ. ನನ್ನಂತೆ ಅವಳೂ ಗಂಡನನ್ನು ಕಳೆದುಕೊಂಡವಳು. ಒಂದೇ ನೆಲದ ಮಾತಾಡುವ ಇಬ್ಬರು ವಿಧವೆಯರು ಅಕ್ಕಪಕ್ಕ ಸಿಕ್ಕರೆ ಕಟ್ಟಡದಲ್ಲಿ ಉಳಿದವರು ಯಾರೂ ಸುಖವಾಗಿ ಮಲಗುವಂತಿಲ್ಲ. ಅಷ್ಟು ಮಾತು ನಮ್ಮದು. ಸಾಮಾನು ಕಟ್ಟುವಾಗ ನನ್ನ ಎಣ್ಣೆ ಡಬ್ಬಿಯ ತುಳಸಿಯನ್ನು ಅವಳ ಬಾಗಿಲಿಗೆ ಒಯ್ದೆ.

“ಕೊಡ್ರಿ ಅಕ್ಕಾರ, ನಾ ನೀರ ಹಾಕ್ತೀನಿ. ಸುತ್ತ ಮಾತ್ರ ತಿರಗಂಗಿಲ್ಲ ನೋಡ್ರಿ, ಮೊಣಕಾಲ ನೋವು” ಅಂದಳು.

“ನಿನಗ ಯಾರ ತಿರಗಂದ್ರು? ಕೆಮ್ಮು ಬಂದ್ರ ನಾಕ ಎಲಿ ಹರಕೊಂಡ ಚಾದಾಗ ಹಾಕು.”

“ಬ್ಯಾಡ್ರಿ. ಫೋನ ಹಚ್ಚಿ ಎಲಿ ಎಷ್ಟ ಅದಾವ ಅಂತ ಕೇಳಾವ್ರು ನೀವು.”

ಇಬ್ಬರೂ ನಕ್ಕೆವು. ನಗು ನಿಲ್ಲಿಸುವ ಜಾಗ ಇಬ್ಬರಿಗೂ ಗೊತ್ತಾಗಲಿಲ್ಲ, ಆದ್ದರಿಂದ ಸ್ವಲ್ಪ ಹೆಚ್ಚೇ ನಕ್ಕೆವು.

ಹೊರಡುವ ದಿನ ನನಗೊಂದು ಹಟ ಹತ್ತಿತು. ಸೊಸೆಯ ಉಡಿ ತುಂಬದೆ ಹೊಸ್ತಿಲು ದಾಟಿಸುವುದಿಲ್ಲ. ಮುತ್ತೈದೆ ಹೆಣ್ಣು ಬರಿ ಸೆರಗಿನಲ್ಲಿ ಮನೆ ಬಿಡಬಾರದು. ನನ್ನ ಮಾತು ಬೇರೆ. ಗಂಡ ಹೋದ ಹೆಂಗಸಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ, ಅವಳು ತುಂಬುವುದೂ ಇಲ್ಲ. ಮಸ್ಕತ್ತಿನಲ್ಲಿ ಆ ನೇಮ ನೋಡುವವರು ಯಾರೂ ಇರಲಿಲ್ಲ. ನಾನೇ ನೋಡಿಕೊಂಡು ಬಂದಿದ್ದೆ. ಹಾಗಾಗಿ ಪೇಚಾಟ ಶುರುವಾಯಿತು. ಸವಿತಾಳ ಉಡಿ ತುಂಬುವವರು ಯಾರು? ನಾನು ಆಗುವುದಿಲ್ಲ, ದಾವಲಬಿ ಆಗುವುದಿಲ್ಲ. ಕೆಳಗಿನ ಮಲಯಾಳಿ ಮನೆಗೆ ಬೀಗ. ಎದುರಿನ ಖೋಲಿಯಲ್ಲಿ ನಾಲ್ವರು ಬರಿ ಗಂಡಸರು. ನಾವಿಬ್ಬರು ಮುದುಕಿಯರು ಮೆಟ್ಟಿಲ ಮೇಲೆ ಕುಳಿತು ಇಡೀ ಕಟ್ಟಡದಲ್ಲಿ ಯಾರ ಯಾರ ಗಂಡ ಬದುಕಿದ್ದಾನೆ ಎಂದು ಜಾಲಾಡಿದೆವು. ಕಡೆಗೆ ದಾವಲಬಿಯೇ ಅಂದಳು: “ಅಕ್ಕಾರ, ಮ್ಯಾಲಿನ ಜೋಸಿ?”

ಜೋಸಿ ಫಿಲಿಪೈನ್ಸಿನವಳು, ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಮೊಳಕಾಲವರೆಗಿನ ಚಡ್ಡಿ ಹಾಕಿಕೊಂಡು ಓಡಾಡುತ್ತಾಳೆ. ಆದರೆ ಗಂಡ ಊರಿನಲ್ಲಿ ಗಟ್ಟಿಮುಟ್ಟಾಗಿದ್ದಾನೆ; ದಿನಾ ಸಂಜೆ ಫೋನಿನಲ್ಲಿ ಇಬ್ಬರೂ ಜಗಳಾಡುವುದನ್ನು ನಾವೇ ಕೇಳಿದ್ದೇವೆ. ಇದಕ್ಕಿಂತ ಹೆಚ್ಚಿನ ಮುತ್ತೈದೆತನದ ಸಾಕ್ಷಿ ಇನ್ನೇನು ಬೇಕು? ಕರೆಸಿದೆವು. ಸವಿತಾ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಜೋಸಿ ಮೇಲೆ ಓಡಿಹೋಗಿ, ಚಡ್ಡಿ ಬದಲಿಸಿ, ಉದ್ದನೆಯ ಹೂವಿನ ಫ್ರಾಕು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ನಮ್ಮ ಸಂಬಂಧಿಕರಲ್ಲೇ ಕೆಲವರು ಇಷ್ಟು ಮರ್ಯಾದೆ ತೋರಿಸುವುದಿಲ್ಲ.

ಸವಿತಾಳನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದೆ. ಅಡಿಕೆ ಸಿಗಲಿಲ್ಲ, ಅದರ ಜಾಗಕ್ಕೆ ಖರ್ಜೂರ. ಜೋಸಿ ನಾನು ಹೇಳಿದಂತೆ ಕುಂಕುಮ ಹಚ್ಚಿದಳು, ಎರಡೂ ಕೈ ತುಂಬ ಅಕ್ಕಿ ತೆಗೆದು ಸೆರಗಿಗೆ ಸುರಿದಳು, ಖಣ ಇಟ್ಟಳು. ಚರ್ಚಿನಲ್ಲಿದ್ದಷ್ಟು ಗಂಭೀರವಾಗಿ ಮಾಡಿದಳು. ನನಗೆ ಬಹಳ ಸಮಾಧಾನವಾಯಿತು. ಸವಿತಾ ಎದ್ದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅಷ್ಟರಲ್ಲಿ ಜೋಸಿ ನನ್ನ ಭುಜ ಹಿಡಿದು “ನೌ ಮಾಮಾ”, ಅಂದರೆ ಈಗ ಅಮ್ಮನ ಸರದಿ ಎಂದು ಅದೇ ಜಾಗದಲ್ಲಿ ಕೂರಿಸಿಬಿಟ್ಟಳು. ಪಾಪ, ಅವಳ ಲೆಕ್ಕದಲ್ಲಿ ಮನೆ ಬಿಡುವ ಹೆಂಗಸರು ಇಬ್ಬರು, ಒಬ್ಬಳಿಗೆ ಆಯಿತು, ಇನ್ನೊಬ್ಬಳದು ಬಾಕಿ.

ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೈ ಸೆರಗು ಒಡ್ಡಿ ಆಗಿತ್ತು. ಈ ಕೈಗೆ ಯಾರು ಹೇಳಿದರೋ ದೇವರೇ ಬಲ್ಲ. ತಟ್ಟೆಯಲ್ಲಿ ಅಕ್ಕಿ ತೀರಿತ್ತು. ಜೋಸಿ ಒಳಗೆ ಹೋಗಿ ದಾವಲಬಿಗೆಂದು ಬಿಟ್ಟಿದ್ದ ಡಬ್ಬಿಯ ತಳದ ಅಕ್ಕಿಯನ್ನು ಬಳಿದು ತಂದಳು. ಉಳಿದಿದ್ದ ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು ಇಟ್ಟಳು. ಖಣ ಇರಲಿಲ್ಲ. ಸುತ್ತ ನೋಡಿದಳು. ಬೆಳಿಗ್ಗೆ ಕಿಟಕಿಯಿಂದ ಬಿಚ್ಚಿ ಮಡಿಸಿ ಇಟ್ಟಿದ್ದ ಬಿಳಿ ಪರದೆ ಕಣ್ಣಿಗೆ ಬಿತ್ತು. ಅದನ್ನೇ ತಂದು ಅಕ್ಕಿಯ ಮೇಲೆ ಇಟ್ಟಳು.

ಸವಿತಾ ಹೌಹಾರಿ ನನ್ನ ಮುಖ ನೋಡಿದಳು. ದಾವಲಬಿ ಬಾಗಿಲಲ್ಲಿ ನಿಂತಿದ್ದವಳು ನಿಧಾನವಾಗಿ ಅಂದಳು: “ತುಂಬ್ಲಿ ಬಿಡವಾ. ಆಕಿಗೇನ ಗೊತ್ತು.” ಆಮೇಲೆ, “ನಮಗರ ಏನ ಗೊತ್ತೈತಿ?” ಅಂದಳು.

ನಾನು ಗಂಟು ಬಿಗಿದುಕೊಂಡು ಎದ್ದೆ. ಹೊಸ್ತಿಲು ದಾಟಿದೆ. ತಿರುಗಿ ನೋಡಲಿಲ್ಲ. ಮನೆಯಲ್ಲವೆಂದು ಇಷ್ಟು ವರ್ಷ ಬೈದ ಮನೆಗೆ, ಮನೆಗೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಸಲ್ಲಿಸಿ ಇಳಿದುಬಂದೆ.

ಸೊಸೆ ಬುದ್ಧಿವಂತೆ. ಮೆಟ್ಟಿಲು ಇಳಿಯುವಷ್ಟರಲ್ಲೇ ತನ್ನ ಉಡಿ ಬಿಚ್ಚಿ, ಕೊಬ್ಬರಿಯನ್ನು ದಾವಲಬಿಯ ಕೈಗಿಟ್ಟು, ಉಳಿದದ್ದನ್ನು ಸೂಟ್‌ಕೇಸಿಗೆ ಸೇರಿಸಿದ್ದಳು. “ಅತ್ತೀ, ನೀವೂ ಬಿಚ್ಚರಿ, ವಿಮಾನದಾಗ ಬಿಡಂಗಿಲ್ಲ” ಅಂದಳು. ನಾನು ಕೇಳದವಳಂತೆ ಕಾರಿನಲ್ಲಿ ಕುಳಿತೆ. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ನನ್ನ ಸೊಂಟದ ಉಬ್ಬನ್ನು ಮುಟ್ಟಿ ನೋಡಿ ಹುಬ್ಬೇರಿಸಿದಳು. ಬಿಚ್ಚಿಸಿದರು. ಅಕ್ಕಿ ನಡೆಯುತ್ತದಂತೆ, ಅರಿಶಿನ ನಡೆಯುತ್ತದಂತೆ, ಪರದೆಗೂ ತಂಟೆಯಿಲ್ಲ. ಕೊಬ್ಬರಿ ನಡೆಯುವುದಿಲ್ಲ. ಅದಕ್ಕೆ ತಾನಾಗಿಯೇ ಬೆಂಕಿ ಹತ್ತುವ ಗುಣವಿದೆಯಂತೆ. ಹಡಗಿನಲ್ಲಿ ಆ ಊರಿಗೆ ಬಂದ ಕೊಬ್ಬರಿ ವಿಮಾನ ಹತ್ತಿ ಹೋಗುವಂತಿಲ್ಲ. ನನ್ನ ಹೊಟ್ಟೆಯೊಳಗಿನ ಬೆಂಕಿಯನ್ನು ಅವರ ಯಂತ್ರ ನೋಡಲಿಲ್ಲ, ಪುಣ್ಯ.

“ಆ ಡಬ್ಬಿಗೆ ಹಾಕ್ರಿ ಅಂತಾರ ಅತ್ತಿ” ಅಂದಳು ಸವಿತಾ. ಕಸದ ಡಬ್ಬಿ. ಅದರಲ್ಲಿ ನೀರಿನ ಬಾಟಲಿ, ಅತ್ತರಿನ ಶೀಸೆ, ಯಾರದೋ ಉಗುರು ಕತ್ತರಿ.

“ಉಡ್ಯಾಗಿಂದು ಕಸಕ್ಕ ಹಾಕಬಾರದು.”

“ಮತ್ತೇನ ಮಾಡ್ತೀರಿ?”

“ತಿಂತೀನಿ.”

ಕಟ್ಟಿಸಿಕೊಂಡ ಹಲ್ಲಿನವಳು ನಾನು. ಒಣ ಕೊಬ್ಬರಿ, ಅಂಗೈ ಅಗಲದ ಬಟ್ಟಲು. ಗೋಡೆಯ ಪಕ್ಕ ನಿಂತು ತಿನ್ನತೊಡಗಿದೆ. ಬಸವರಾಜ “ಅವ್ವಾ, ಜನಾ ನೋಡಾಕತ್ಯಾರ” ಎಂದು ಹಲ್ಲು ಕಡಿದ. ಅವನ ಹಲ್ಲು ಸ್ವಂತದ್ದು. ಅರ್ಧ ತಿನ್ನುವಷ್ಟರಲ್ಲಿ ಮೇಲಿನ ಸಾಲು ಸಡಿಲಾಯಿತು. ಒಂದು ಕೈಯಲ್ಲಿ ಹಲ್ಲು ಒತ್ತಿಕೊಂಡು, ಇನ್ನೊಂದರಲ್ಲಿ ಕೊಬ್ಬರಿ ಹಿಡಿದು ಅಗಿಯುತ್ತ ನಿಂತಿದ್ದಾಗ ಅದು ಹೊಳೆಯಿತು. ಹೆಣ್ಣಿನ ಉಡಿ ತುಂಬಿ ಕಳಿಸುವ ಮನೆ ತವರು. ತವರೆಂದರೆ ಮತ್ತೆ ಹೋಗಬಹುದಾದ ಮನೆ. ಪಂಚಮಿಗೋ, ಜಡ್ಡು ಬಿದ್ದಾಗಲೋ, ಸುಮ್ಮನೆ ಜಗಳಾಡಿಕೊಂಡೋ. ಈ ತವರಿಗೆ ನಾನು ಮತ್ತೆ ಹೋಗುವಂತಿಲ್ಲ. ಅಲ್ಲಿ ಬಾಗಿಲು ತೆರೆದು ನನ್ನನ್ನು ಯಾಕೆ ಬಂದೆ ಎಂದು ಕೇಳುವವರೂ ಇಲ್ಲ. ಮುಂದಿನ ವಾರ ಬೇರೆ ಯಾರೋ ಬರುತ್ತಾರೆ, ಬಂದ ದಿನವೇ ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಮೊಳೆಯ ಸದ್ದು ನನಗೆ ಅಲ್ಲೇ ಕೇಳಿಸಿತು.

ಮನೆಯಲ್ಲಿ ಬಾರದ ಅಳು ಅಲ್ಲಿ ಬಂತು. ಬಾಯಿ ತುಂಬ ಕೊಬ್ಬರಿ ಇದ್ದುದರಿಂದ ಸರಿಯಾಗಿ ಅಳಲೂ ಆಗಲಿಲ್ಲ, ಸರಿಯಾಗಿ ನುಂಗಲೂ ಆಗಲಿಲ್ಲ. ತಪಾಸಣೆಯ ಹೆಣ್ಣುಮಗಳು ಗಾಬರಿಯಾಗಿ ಕಾಗದದ ಕರವಸ್ತ್ರ ತಂದುಕೊಟ್ಟು ಸವಿತಾಳಿಗೆ ಏನೋ ಹೇಳಿದಳು. ಇಷ್ಟು ಹಸಿವಾಗಿದ್ದರೆ ಒಳಗೆ ತಿಂಡಿಯ ಅಂಗಡಿಗಳಿವೆ ಅಂದಳಂತೆ.

ಬೆಟಗೇರಿಯಲ್ಲಿ ಹಳೆಯ ಮನೆ ಎಂದೋ ಭಾವನ ಪಾಲಿಗೆ ಹೋಗಿದೆ. ನಾವು ಹಿಂದಿನ ಓಣಿಯಲ್ಲಿ ಬಾಡಿಗೆ ಹಿಡಿದೆವು. ಬಂದ ದಿನ ಗಂಗಕ್ಕ ರೊಟ್ಟಿ ಕಟ್ಟಿಕೊಂಡು ಬಂದಳು. ಅವಳ ಗಂಡನೇ ನಮ್ಮ ಭಾವ, ಇನ್ನೂ ಸೈಕಲ್ಲು ತುಳಿಯುತ್ತಾರೆ. ನಿಲ್ದಾಣದಲ್ಲಿ ಮತ್ತೆ ಕಟ್ಟಿಕೊಂಡಿದ್ದ ಗಂಟನ್ನು ನಾನು ದೇವರ ಮುಂದೆ ಬಿಚ್ಚುವುದನ್ನು ಅವಳು ನೋಡಿಬಿಟ್ಟಳು.

“ಶಾಂತಾ, ಯಾರ ತುಂಬಿದ್ರಬೇ ಇದನ್ನ?”

“ಫಿಲಿಪೈನ್ಸದಾಕಿ.”

“ಆಕಿ ಮುತ್ತೈದಿ ಏನ?”

“ಆಕಿ ಮುತ್ತೈದಿ ಬರೋಬ್ಬರಿ ಅದಾಳ. ನಾನ ಅಲ್ಲ.”

ಗಂಗಕ್ಕನ ಬಾಯಿ ತೆರೆಯಿತು. ಅದರಿಂದ ಏನು ಹೊರಬೀಳುತ್ತಿತ್ತೋ, ಅಷ್ಟರಲ್ಲಿ ಓಣಿಯಲ್ಲಿ “ನಳಾ ಬಂತು!” ಎಂದು ಕೂಗೆದ್ದಿತು. ಎಷ್ಟೋ ದಿನಕ್ಕೊಮ್ಮೆ ಬರುವ ನೀರು. ಗಂಗಕ್ಕ ಧರ್ಮವನ್ನು ಅಲ್ಲೇ ಬಿಟ್ಟು ಕೊಡ ಹುಡುಕಲು ಓಡಿದಳು. ನಮ್ಮ ಹಂಡೆ, ತನ್ನ ಹಂಡೆ ಎರಡೂ ತುಂಬಿಸಿ, ಒದ್ದೆ ಸೀರೆಯಲ್ಲೇ ವಾಪಸು ಬಂದಳು. ನೀರು ಅವಳನ್ನು ಸ್ವಲ್ಪ ತಣ್ಣಗೆ ಮಾಡಿತ್ತು.

“ಕೊಬ್ಬರಿ ಎಲ್ಲೈತಿ?”

“ತಿಂದೆ.”

“ಹಲ್ಲಿಲ್ಲದಾಕಿ?” ಅಂದಳು. ಪರದೆಯ ಬಟ್ಟೆಯನ್ನು ಎತ್ತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮೈದುನನ ಕೈಹೊಲಿಗೆ ಅವಳಿಗೆ ಗುರುತು ಸಿಗದೇ ಇರುತ್ತದೆಯೇ? ಅದನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟಳು. “ಆತು ಹೋಗು. ತುಂಬಿದ್ದ ತುಂಬ್ಯಾರ. ನಾಳೆ ಅಕ್ಕಿ ಕುದಸು. ಉಡಿಯಕ್ಕಿ ಇಟಗೊಂಡ ಕುಂಡ್ರಬಾರದು. ಕುದಸಿ ಉಂಡಿ ಅಂದ್ರ ಹೊಕ್ಕ ಮನಿ ನಿಂದಾಕೈತಿ.”

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದೇ ನನಗೆ ಕಷ್ಟಕ್ಕಿಟ್ಟುಕೊಂಡಿತು. ಕುದಿಸಿ ಉಂಡರೆ ಇದು ನನ್ನ ಮನೆ. ಹಾಗಾದರೆ ಅದು?

ನಾಳೆ ಕುದಿಸಿದರಾಯಿತು ಎಂದು ಸ್ಟೀಲಿನ ಡಬ್ಬಿಗೆ ಹಾಕಿಟ್ಟೆ. ಅಮಾವಾಸ್ಯೆ ಬಂತು, ಅಮಾವಾಸ್ಯೆಯಲ್ಲಿ ಬೇಡವೆಂದೆ. ಶ್ರಾವಣ ಬಂತು, ಶ್ರಾವಣ ಮುಗಿಯಲಿ ಎಂದೆ. ಬಸವರಾಜ ಬೆಟಗೇರಿಯಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟ. ಈಗ ಎಲ್ಲರೂ ರೆಡಿಮೇಡ್ ತೊಡುತ್ತಾರೆ. ಅವನ ಹತ್ತಿರ ಬರುವುದು ಜಿಪ್ಪು ಹಾಕಿಸುವವರು, ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವವರು. ಉದ್ದ ಬಿಳಿ ಅಂಗಿಯನ್ನು ಕಣ್ಣು ಮುಚ್ಚಿ ಕತ್ತರಿಸುವ ಹುಡುಗ ಇಡೀ ದಿನ ರಸ್ತೆ ನೋಡುತ್ತ ಕೂರುತ್ತಾನೆ. ಸಂಜೆ ಬಂದು ಉಂಡು ತಟ್ಟೆ ತೊಳೆದಿಡುತ್ತಾನೆ. ಅವನು ತಟ್ಟೆ ತೊಳೆದಾಗಲೆಲ್ಲ, ಹಾಗೇ ಇಟ್ಟುಬಿಡು ಎಂದು ಬೈಯುತ್ತೇನೆ. ಯಾಕೆಂದು ಅವನಿಗೆ ಗೊತ್ತಿಲ್ಲ.

ಅಕ್ಕಿಗೆ ನುಸಿ ಹಿಡಿಯಿತು. “ಅತ್ತೀ, ಒಂದೋ ಕುದಸರಿ, ಇಲ್ಲಾಂದ್ರ ಕೋಳಿಗೆ ಹಾಕ್ರಿ” ಅಂದಳು ಸವಿತಾ. ನಾನು ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಕನ್ನಡಕ ಏರಿಸಿ, ಒಂದೊಂದೇ ನುಸಿ ಆರಿಸಿ ತೆಗೆದು ಮತ್ತೆ ಡಬ್ಬಿಗೆ ತುಂಬಿದೆ. ಈಗ ಪ್ರತಿ ತಿಂಗಳು ಅದೇ ಕೆಲಸ. ಆ ನುಸಿಗಳಾದರೂ ಜಾಣ ಪ್ರಾಣಿಗಳು. ಎಲ್ಲಿ ಅಕ್ಕಿ ಇದೆಯೋ ಅಲ್ಲೇ ಸಂಸಾರ ಹೂಡುತ್ತವೆ, ಅದು ಯಾವ ಊರಿನದು ಎಂದು ಕೇಳುವುದಿಲ್ಲ.

ನಿನ್ನೆ ಬಸವರಾಜ ಸುತ್ತಿಗೆ ಹಿಡಿದುಕೊಂಡು ಬಂದ. ಬಾಯಲ್ಲಿ ಎರಡು ಮೊಳೆ. ಅವುಗಳ ಸಂದಿಯಿಂದಲೇ ಕೇಳಿದ: “ಅವ್ವಾ, ಅಪ್ಪನ ಫೋಟೋಕ್ಕ ಎಲ್ಲೆ ಹೊಡೀಲಿ? ಮನೀ ಮಾಲಕರು ಹೂಂ ಅಂದಾರ. ಎಷ್ಟ ದಿನಾಂತ ಫ್ರಿಜ್ಜಿನ ಮ್ಯಾಲ ಇಡೂದು?”

ಗೋಡೆ ನೋಡಿದೆ. ಒಳ್ಳೆಯ ಗೋಡೆ, ಹೊಸದಾಗಿ ಸುಣ್ಣ ಬಳಿದದ್ದು. ಮೊಳೆ ಹೊಡೆದರೆ ಚೆನ್ನಾಗಿ ನಿಲ್ಲುತ್ತದೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಬೇಡಿಕೊಂಡದ್ದೇ ಇಂಥದೊಂದು ಮೊಳೆಯನ್ನು, ಈ ಊರಿನ ಗೋಡೆಯನ್ನು. ಬಾಯಿ ತೆರೆದೆ.

“ತಡಿಯೋ ಬಸ್ಯಾ. ಇನ್ನೊಂದ ವರ್ಷ ಹೋಗ್ಲಿ” ಅಂದೆ.

ಬಸವರಾಜ ಮೊಳೆಗಳನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಹೋದ. ಫ್ರಿಜ್ಜು ಗುರ್ ಎಂದಿತು, ಮೇಲೆ ಫೋಟೋ ನಡುಗತೊಡಗಿತು. ಈ ಸಲ ಅವರು ಮಾತಾಡಲು ಹೊರಟವರಂತಲ್ಲ, ನಗು ತಡೆದುಕೊಂಡವರಂತೆ ಕಂಡರು. ನಾನು ಹೋಗಿ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.